ಕಾಲಿಗೆ ಚಳಿಯೋ, ಮನೆಗೆ ಚಳಿಯೋ? ನೆಲದಡಿಯ ಬಿಸಿ ವ್ಯವಸ್ಥೆ ಮತ್ತು ಉಕ್ಕಡಂನ ಒಂದು ಮನೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಪರದೆಯ ಮೇಲೆ ತೋರಿಸಿದ ಚಿತ್ರಗಳ ವಿವರವನ್ನು ಮಾತಿನೊಳಗೇ ಸೇರಿಸಿದೆ. ಪ್ರಶ್ನೋತ್ತರದಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಂಡಿದೆ.)

ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂತ ಚಾಟ್‌ನಲ್ಲಿ ಬರೆದಿದ್ದೀರಿ, ಧನ್ಯವಾದ. ನಾನು ಉಕ್ಕಡಂನಿಂದ ಮಾತಾಡ್ತಾ ಇದ್ದೇನೆ. ಕೊಯಮತ್ತೂರು ನೋಡಿದವರಿಗೆ ಉಕ್ಕಡಂ ಅಂದರೆ ಪಾಲಕ್ಕಾಡು, ಪೊಳ್ಳಾಚಿ ಬಸ್ಸು ಹಿಡಿಯುವ ಜಾಗ, ಆಮೇಲೆ ನೊಯ್ಯಲ್ ಹೊಳೆಯ ನೀರು ತುಂಬಿಕೊಳ್ಳುವ ಆ ದೊಡ್ಡ ಕೆರೆ. ನಮ್ಮದು ದೇವಾಂಗ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಓದಿದ್ದು ತಮಿಳಿನಲ್ಲಿ, ಕನ್ನಡ ಅಕ್ಷರ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಹಾಗಾಗಿ ಒಂದೆರಡು ಪದ ತಪ್ಪಿದರೆ ನೀವೇ ತಿದ್ದಿಕೊಳ್ಳಿ.

ಉಕ್ಕಡಂನಲ್ಲಿ ಕೂತು ನೆಲ ಬಿಸಿ ಮಾಡುವ ವಿಷಯ ಮಾತಾಡ್ತಾನಲ್ಲ ಇವನು ಅಂತ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ನನಗೂ ಬಂದಿತ್ತು. ವರ್ಷದ ಹತ್ತು ತಿಂಗಳು ನೆಲ ತಣ್ಣಗಿದ್ದರೆ ಸಾಕಪ್ಪಾ ಅನ್ನುವ ಊರು ಇದು. ಆದರೆ ಹೋದ ಧನುರ್ಮಾಸದಲ್ಲಿ, ನಮ್ಮ ಕಡೆ ಮಾರ್ಗಳಿ ಅಂತೀವಿ, ನಮ್ಮಣ್ಣ ಒಂದು ಕಾಗದ ತಂದು ಮೇಜಿನ ಮೇಲೆ ಇಟ್ಟ. ಅಣ್ಣ ಅಂದರೆ ದೊಡ್ಡಮ್ಮನ ಮಗ. ಕಾಗದದಲ್ಲಿ ಇಡೀ ಕೆಳಮಹಡಿಗೆ, ಅಂದರೆ ಸುಮಾರು 70 ಚದರ ಮೀಟರ್ ನೆಲಕ್ಕೆ, ವಿದ್ಯುತ್ ಹೀಟಿಂಗ್ ಮ್ಯಾಟ್ ಹಾಕುವ ಅಂದಾಜು ಪಟ್ಟಿ ಇತ್ತು. ಹೊಸ ಟೈಲ್ಸ್ ಕಿತ್ತು, ಮ್ಯಾಟ್ ಹಾಸಿ, ಮತ್ತೆ ಟೈಲ್ಸ್ ಹಾಕಬೇಕು. "ಅಮ್ಮನಿಗೆ ಕಾಲು ಜಿಲ್ ಅಂತ ಕೊರೀತಾ ಇದೆಯಂತೆ, ರಾತ್ರಿಯೆಲ್ಲ ನಿದ್ದೆ ಇಲ್ಲ. ನೀನು ಇಂಜಿನಿಯರ್ ಅಲ್ವಾ, ನೋಡಿ ಹೇಳು" ಅಂದ.

ದೊಡ್ಡಮ್ಮನಿಗೆ 76 ವರ್ಷ. ನಲವತ್ತು ವರ್ಷ ಗುಂಡಿಮಗ್ಗದಲ್ಲಿ ಕೂತು ನೇಯ್ದವರು. ಹಳೇ ಮನೆ ಕೆಡವಿ ಕಟ್ಟಿದ ಮೇಲೆ ಸಿಮೆಂಟ್ ನೆಲ ಹೋಗಿ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ಬಂತು. ಅವತ್ತಿನಿಂದ ಕಾಲಿನ ದೂರು. ನೆಲಕ್ಕೂ ಕಾಲಿಗೂ ಸಂಬಂಧ ಇದೆ ಅಂತ ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಆ ಕಾಗದಕ್ಕೆ ಉತ್ತರ ಕೊಡಬೇಕು ಅಂತ ನಾನು ಓದಿದ್ದು, ಅಳೆದದ್ದು, ಲೆಕ್ಕ ಹಾಕಿದ್ದು, ಅದೇ ಇವತ್ತಿನ ಉಪನ್ಯಾಸ.

ಮೊದಲು ವ್ಯವಸ್ಥೆ ಏನು ಅಂತ ನೋಡೋಣ. ನೆಲವನ್ನು ಕೆಳಗಿನಿಂದ ಬಿಸಿ ಮಾಡುವುದು ಹಳೇ ವಿದ್ಯೆ. ರೋಮನ್ನರ ಸ್ನಾನಗೃಹಗಳಲ್ಲಿ ನೆಲವನ್ನು ಸುಮಾರು ಎರಡು ಅಡಿ ಎತ್ತರದ ಇಟ್ಟಿಗೆ ಕಂಬಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಒಲೆಯ ಬಿಸಿಗಾಳಿ ಹಾಯಿಸುತ್ತಿದ್ದರು. ಹೈಪೋಕಾಸ್ಟ್ ಅಂತ ಅದರ ಹೆಸರು. ಆದರೆ ಅದು ಹೆಚ್ಚಾಗಿ ಸ್ನಾನದ ಮನೆಗೆ, ಉಳ್ಳವರ ಮನೆಗೆ. ಸಾಮಾನ್ಯ ಜನರ ಮನೆಗೆ ಇದನ್ನು ತಂದವರು ಕೊರಿಯಾದವರು. ಅವರ ಓಂದೋಲ್‌ನಲ್ಲಿ ಅಡುಗೆ ಒಲೆಯ ಹೊಗೆ ನೇರ ಹೊರಗೆ ಹೋಗುವುದಿಲ್ಲ, ಪಕ್ಕದ ಕೋಣೆಯ ನೆಲದ ಚಪ್ಪಡಿಕಲ್ಲುಗಳ ಅಡಿಯಲ್ಲಿ ಹಾದು ಆ ಕಡೆಯ ಚಿಮಣಿಯಿಂದ ಹೊರಡುತ್ತದೆ. ಅನ್ನಕ್ಕೆ ಹಾಕಿದ ಸೌದೆಯಲ್ಲೇ ರಾತ್ರಿಯ ಹಾಸಿಗೆಯೂ ಬೆಚ್ಚಗೆ. ಕಲ್ಲಿನ ಮೇಲೆ ಮಣ್ಣು, ಮೇಲೆ ಎಣ್ಣೆ ಹಚ್ಚಿದ ಕಾಗದ. ಒಲೆಗೆ ಹತ್ತಿರದ ಜಾಗ ಹೆಚ್ಚು ಬಿಸಿ, ಅದು ಮನೆಯ ಹಿರಿಯರಿಗೆ, ಅತಿಥಿಗೆ. ಅವರೂ ನಮ್ಮ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವವರು, ನೆಲದ ಮೇಲೆ ಕೂತು ಉಣ್ಣುವವರು, ನೆಲದ ಮೇಲೇ ಮಲಗುವವರು. ನೆಲ ಬಿಸಿ ಮಾಡುವ ಯೋಚನೆ ಅಂಥವರಿಗೇ ಹೊಳೆಯಬೇಕು ನೋಡಿ.

ನಮ್ಮಲ್ಲಿ ಇದು ಇರಲೇ ಇಲ್ಲ ಅನ್ನುವ ಹಾಗಿಲ್ಲ. ಬಾಣಂತಿ ಕೋಣೆ ನೆನಪು ಮಾಡಿಕೊಳ್ಳಿ. ಹಗ್ಗದ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರಲ್ಲ, ಅದೂ ಕೆಳಗಿನಿಂದ ಕೊಡುವ ಶಾಖವೇ. ಮತ್ತೆ ಎರಡಕ್ಕೂ ಒಂದೇ ಅಪಾಯ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ. ಕೊರಿಯಾದಲ್ಲಿ ಸೌದೆಯ ಬದಲು ಕಲ್ಲಿದ್ದಲ ಬಿಲ್ಲೆ ಬಂದ ಕಾಲದಲ್ಲಿ ನೆಲದ ಬಿರುಕಿನಿಂದ ಈ ಅನಿಲ ಮೇಲೆ ಬಂದು ಎಷ್ಟೋ ಜನ ನಿದ್ದೆಯಲ್ಲೇ ತೀರಿಕೊಂಡರು. ಅಪಾರ್ಟ್‌ಮೆಂಟುಗಳು ಬಂದ ಮೇಲೆ ಬೆಂಕಿ ನೆಲದಡಿಯಿಂದ ಹೊರಬಂತು, ಬಾಯ್ಲರಿನಲ್ಲಿ ಕಾಯಿಸಿದ ನೀರು ಪೈಪಿನಲ್ಲಿ ಒಳಗೆ ಹೋಯಿತು.

ಈಗಿನದು ಎರಡು ಬಗೆ. ಒಂದು ನೀರಿನದು. ಕೆಳಗೆ ಶಾಖ ತಡೆಯುವ ಥರ್ಮೋಕೋಲ್ ಥರದ ಹಲಗೆ, ಅದರ ಮೇಲೆ 16 ಮಿಲಿಮೀಟರಿನ ಪ್ಲಾಸ್ಟಿಕ್ ಪೈಪು, ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ಸುತ್ತು ಸುತ್ತಾಗಿ, ಅದರ ಮೇಲೆ ಎರಡು ಎರಡೂವರೆ ಇಂಚು ಸಿಮೆಂಟ್ ಗಾರೆ, ಕೊನೆಗೆ ಟೈಲ್ಸೋ ಮರವೋ. ಪೈಪಿನಲ್ಲಿ ಹರಿಯುವುದು ಕುದಿಯುವ ನೀರಲ್ಲ, 35ರಿಂದ 45 ಡಿಗ್ರಿ. ಇನ್ನೊಂದು ವಿದ್ಯುತ್ತಿನದು, ತಂತಿಯ ಬಲೆ. ಟೈಲ್ಸ್ ಅಂಟಿನೊಳಗೇ ಹೂತುಬಿಡುತ್ತಾರೆ. ಚದರ ಮೀಟರಿಗೆ 100ರಿಂದ 160 ವ್ಯಾಟ್ ತೆಗೆದುಕೊಳ್ಳುತ್ತದೆ.

ಯೂರೋಪಿನ ಮಾನಕದ ಪ್ರಕಾರ ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು. ಕೋಣೆ 20 ಡಿಗ್ರಿ, ನೆಲ 29 ಇದ್ದರೆ ಚದರ ಮೀಟರಿಗೆ ಸುಮಾರು 100 ವ್ಯಾಟ್ ಶಾಖ ಮೇಲೆ ಬರುತ್ತದೆ. ಈ 29 ಅನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಏಪ್ರಿಲಿನಲ್ಲಿ ನಮ್ಮ ನೆಲ ಯಾವ ಖರ್ಚೂ ಇಲ್ಲದೆ ಅಷ್ಟು ಬಿಸಿ ಆಗಿಯೇ ಇರುತ್ತದೆ!

ಈಗ ದೊಡ್ಡಮ್ಮನ ಮನೆಗೆ ಬರೋಣ. ಜನವರಿಯ ಒಂದು ಬೆಳಗಿನ ಜಾವ ಐದೂವರೆಗೆ ನಾನು ಥರ್ಮಾಮೀಟರ್ ಹಿಡಿದು ಕೂತೆ. ಹೊರಗೆ 19 ಡಿಗ್ರಿ. ಒಳಗಿನ ಗಾಳಿ 22. ಟೈಲ್ಸ್ ನೆಲ 23. ನೆಲಕ್ಕೆ ಹಾಸಿದ್ದ ತೆಂಗಿನನಾರಿನ ಚಾಪೆ 23. ದೇವರ ಮುಂದಿನ ತೇಗದ ಮಣೆಯೂ 23. ಅಣ್ಣನಿಗೆ ತೋರಿಸಿದೆ, ಅವನು ನಂಬಲಿಲ್ಲ, ಥರ್ಮಾಮೀಟರ್ ಕೆಟ್ಟಿದೆ ಅಂದ. ಬರಿಗಾಲಲ್ಲಿ ಮಣೆ ಮೇಲೆ ನಿಂತರೆ ಬೆಚ್ಚಗೆ, ಟೈಲ್ಸ್ ಮೇಲೆ ನಿಂತರೆ ಕೊರೆಯುತ್ತದೆ. ಎರಡೂ 23 ಹೇಗಾಗುತ್ತೆ?

ಆಗುತ್ತೆ. ನಮ್ಮ ಅಂಗಾಲು ಉಷ್ಣತೆ ಅಳೆಯುವ ಯಂತ್ರ ಅಲ್ಲ. ಅದಕ್ಕೆ ಗೊತ್ತಾಗುವುದು ತನ್ನಿಂದ ಶಾಖ ಎಷ್ಟು ಬೇಗ ಹೊರಟುಹೋಗ್ತಾ ಇದೆ ಅನ್ನುವುದು. ಒಂದು ವಸ್ತು ತಾಕಿದ ಕ್ಷಣದಲ್ಲಿ ಎಷ್ಟು ಜೋರಾಗಿ ಶಾಖ ಎಳೆದುಕೊಳ್ಳುತ್ತದೆ ಅನ್ನುವ ಗುಣಕ್ಕೆ ಎಫ್ಯೂಸಿವಿಟಿ ಅಂತಾರೆ. ವಸ್ತು ಶಾಖ ಸಾಗಿಸುವ ಶಕ್ತಿ, ಅದರ ಸಾಂದ್ರತೆ, ಅದರ ವಿಶಿಷ್ಟ ಶಾಖ, ಈ ಮೂರನ್ನು ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ. ಗ್ರಾನೈಟಿಗೆ ಸುಮಾರು 2400, ಗಟ್ಟಿ ಟೈಲ್ಸಿಗೆ 1600ರ ಆಸುಪಾಸು, ತೇಗದಂಥ ಮರಕ್ಕೆ 400, ಕಾರ್ಕಿಗೆ ನೂರು ಚಿಲ್ಲರೆ. ನಮ್ಮ ಚರ್ಮಕ್ಕೆ 1300 ಅಂತ ಇಟ್ಟುಕೊಂಡು, ಅಂಗಾಲು 30 ಡಿಗ್ರಿ, ನೆಲ 23 ಅಂತ ಲೆಕ್ಕ ಹಾಕಿದೆ. ಮರದ ಮೇಲೆ ಕಾಲಿಟ್ಟ ಕ್ಷಣ ಚರ್ಮದ ಮೇಲ್ಪದರ 28ಕ್ಕಿಂತ ಚೂರು ಮೇಲೆ ನಿಲ್ಲುತ್ತದೆ. ಟೈಲ್ಸ್ ಮೇಲೆ 26ಕ್ಕೆ, ಗ್ರಾನೈಟ್ ಮೇಲೆ ಇಪ್ಪತ್ತೈದೂವರೆಗೆ ಇಳಿಯುತ್ತದೆ. ಎರಡು ಮೂರು ಡಿಗ್ರಿ ಏನು ಮಹಾ ಅನ್ನಬೇಡಿ, ಕಾಲಿಗೆ ಅದು ದೊಡ್ಡ ವ್ಯತ್ಯಾಸ. ಅಷ್ಟೇ ಅಲ್ಲ, ನಿಂತೇ ಇದ್ದರೆ ಮರ ಕಾಲಡಿಯಲ್ಲಿ ಬೆಚ್ಚಗಾಗಿ ಸುಮ್ಮನಾಗುತ್ತದೆ, ಕಲ್ಲು ಎಳೀತಾನೇ ಇರುತ್ತದೆ. ಬರಿಗಾಲಿಗೆ ಹಿತವೆನಿಸಲು ಕಾಂಕ್ರೀಟ್ ನೆಲ ಸುಮಾರು 26 ಡಿಗ್ರಿ ಇರಬೇಕು, ಬಟ್ಟೆ ಹಾಸಿದ ನೆಲಕ್ಕೆ 21 ಸಾಕು ಅಂತ ಪ್ರಯೋಗ ಮಾಡಿದವರು ಹೇಳುತ್ತಾರೆ.

ಇನ್ನೊಂದು ವಿಷಯ ಗಮನಿಸಿದಿರಾ? ಆ ಹೊತ್ತಿನಲ್ಲಿ ನೆಲ ಗಾಳಿಗಿಂತ ಬೆಚ್ಚಗೇ ಇತ್ತು. ಕೆಳಮಹಡಿಯ ನೆಲ ಭೂಮಿಗೆ ತಾಕಿಕೊಂಡಿದೆ. ಭೂಮಿ ಕೆಲವು ಮೀಟರ್ ಆಳದಲ್ಲಿ ವರ್ಷದ ಸರಾಸರಿ ಉಷ್ಣತೆಯ ಹತ್ತಿರ ನಿಂತಿರುತ್ತದೆ. ಕೊಯಮತ್ತೂರಿನಂಥ ಊರಿನಲ್ಲಿ ಆ ಸರಾಸರಿ 25 ದಾಟಿದ್ದು. ಅಂದರೆ ಜನವರಿಯಲ್ಲಿ ಭೂಮಿಯೇ ನಮ್ಮ ನೆಲವನ್ನು ಬೆಚ್ಚಗಿಡುತ್ತಿದೆ. ಜರ್ಮನಿಯಲ್ಲಿ ಹಾಗಲ್ಲ, ಅಲ್ಲಿ ಭೂಮಿ ಹತ್ತು ಡಿಗ್ರಿಯ ಆಸುಪಾಸಿನದು, ಅದು ಶಾಖ ಕುಡಿಯುತ್ತದೆ.

ಇನ್ನು ಲೆಕ್ಕ. 70 ಚದರ ಮೀಟರಿಗೆ 150 ವ್ಯಾಟಿನಂತೆ ಹತ್ತೂವರೆ ಕಿಲೋವ್ಯಾಟ್. ಎರಡು ಗಂಟೆ ಹಾಕಿದರೆ 21 ಯೂನಿಟ್. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ ಅಲ್ವಾ, ಅದು ಐದೇ ಬೆಳಗಿನಲ್ಲಿ ಖಾಲಿ. ದುಡ್ಡಿಗಿಂತ ದೊಡ್ಡ ತೊಂದರೆ ಸಮಯದ್ದು. ಎರಡು ಇಂಚಿನ ಗಾರೆ ಅಂದರೆ ಚದರ ಮೀಟರಿಗೆ ನೂರು ಕಿಲೋ ತೂಕ. ಅದನ್ನು ಐದು ಡಿಗ್ರಿ ಏರಿಸಲು ಏನೂ ಸೋರದೆ ಹೋದರೂ ಒಂದು ಗಂಟೆ ಬೇಕು, ಸೋರುವುದನ್ನು ಸೇರಿಸಿದರೆ ಎರಡು ಮೂರು. ನಮ್ಮ ಚಳಿ ನಾಲ್ಕರಿಂದ ಏಳು ಗಂಟೆಯವರೆಗೆ. ನಾಲ್ಕಕ್ಕೆ ಎದ್ದು ಸ್ವಿಚ್ ಹಾಕಿದರೆ ನೆಲ ಬಿಸಿ ಆಗುವ ಹೊತ್ತಿಗೆ ಬಿಸಿಲು ಬಂದಿರುತ್ತದೆ, ಆಮೇಲೆ ಮಧ್ಯಾಹ್ನದವರೆಗೆ ಆ ಶಾಖ ಬೇಡವೆಂದರೂ ಬಿಡುವುದಿಲ್ಲ. ದಿನವಿಡೀ, ತಿಂಗಳುಗಟ್ಟಲೆ ಒಂದೇ ಸಮ ಚಳಿ ಇರುವ ಊರಿಗೆ ಈ ನಿಧಾನವೇ ಗುಣ. ಮೂರು ಗಂಟೆಯ ಚಳಿಗೆ ಅದೇ ದೋಷ.

ಇಷ್ಟು ಹೇಳಿ, ಮನೆಗೆ ಚಳಿ ಇಲ್ಲ, ನೆಲಕ್ಕೆ ಚಾಪೆ ಹಾಸಿ ಅಂತ ಅಣ್ಣನಿಗೆ ಹೇಳಿ ಎದ್ದುಬರುವವನಿದ್ದೆ. ಆದರೆ ಒಂದು ಮಾತು ಕೊರೀತಾ ಇತ್ತು. ದೊಡ್ಡಮ್ಮ ರಾತ್ರಿ ಹಾಸಿಗೆಯಲ್ಲೂ ಕಾಲು ಜಿಲ್ ಅನ್ನುತ್ತೆ ಅಂತಿದ್ದರಲ್ಲ. ಹಾಸಿಗೆಗೆ ಎಲ್ಲಿಂದ ಬಂತು ಟೈಲ್ಸು? ನಾನು ಅವರ ಪಾದ ಮುಟ್ಟಿ ನೋಡಿದೆ, ಬೆಚ್ಚಗಿತ್ತು. "ದೊಡ್ಡಮ್ಮಾ, ಎಲ್ಲಿ ಕೊರೆಯುತ್ತೆ?" ಅಂದೆ. "ಒಳಗೆ ಕಣಪ್ಪಾ, ಮೂಳೆಗೆ ನೀರು ಹುಯ್ದ ಹಾಗೆ" ಅಂದರು. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ.

ಡಾಕ್ಟರ ಹತ್ತಿರ ಹೋದೆವು. ಅಂಗಾಲಿನ ಕೆಲವು ಜಾಗಗಳಲ್ಲಿ ನೈಲಾನ್ ಎಳೆಯೊಂದನ್ನು ಒತ್ತಿ, ಗೊತ್ತಾಯ್ತಾ ಅಂತ ಕೇಳುವ ಪರೀಕ್ಷೆ ಇದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ದೊಡ್ಡಮ್ಮನಿಗೆ ಹೆಬ್ಬೆರಳ ಅಡಿಯಲ್ಲಿ ಏನೂ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು, ಇನ್ನೂ ಶುರು ಮಾಡಿಲ್ಲವಾ ಅಂತ ಕೇಳಿದರು. ಮಧುಮೇಹದಲ್ಲಿ ಕಾಲಿನ ನರ ಹಾಳಾದಾಗ ಕೆಲವರಿಗೆ ಉರಿ, ಕೆಲವರಿಗೆ ಜುಮುಜುಮು, ಕೆಲವರಿಗೆ ಬೆಚ್ಚಗಿರುವ ಕಾಲೇ ತಣ್ಣಗಿರುವಂತೆ ಅನ್ನಿಸುತ್ತದೆ. ಇಲ್ಲಿ ಚಳಿ ನೆಲದ್ದೂ ಅಲ್ಲ, ಮನೆಯದ್ದೂ ಅಲ್ಲ, ನರದ್ದು.

ಈ ಜಾಗದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಬಿಸಿ ಗೊತ್ತಾಗದ ಕಾಲಿಗೆ ಬಿಸಿ ಕೊಡುವುದು ಅಪಾಯ. ಸುಟ್ಟಗಾಯಕ್ಕೆ ಕುದಿಯುವ ನೀರೇ ಬೇಕಿಲ್ಲ. ಚರ್ಮ 44 ಡಿಗ್ರಿಯಲ್ಲಿ ಸುಮಾರು ಆರು ಗಂಟೆ ಇದ್ದರೆ ಸಾಕು ಅಂತ 1947ರಷ್ಟು ಹಿಂದೆಯೇ ಮೋರಿಟ್ಸ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು ತೋರಿಸಿದ್ದಾರೆ. ನೆಲ 29 ದಾಟುವುದಿಲ್ಲವಲ್ಲ, 44 ಎಲ್ಲಿಂದ ಬಂತು ಅಂತ ಕೇಳಬಹುದು. ನೆಲದ ಮೇಲೆ ದಪ್ಪ ಹಾಸಿಗೆ ಹಾಕಿ ನೋಡಿ. ಮೇಲೆ ಹೋಗಬೇಕಾದ ಶಾಖಕ್ಕೆ ದಾರಿ ಮುಚ್ಚಿತು. ತಂತಿ ಮಾತ್ರ ತನ್ನ 150 ವ್ಯಾಟ್ ಕೊಡ್ತಾನೇ ಇರುತ್ತದೆ. ಥರ್ಮೋಸ್ಟಾಟಿನ ಕಣ್ಣು ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರೆ ಅದಕ್ಕೆ ಹಾಸಿಗೆಯಡಿಯ ಸಂಗತಿ ತಿಳಿಯುವುದೇ ಇಲ್ಲ. ದೊಡ್ಡಮ್ಮ ಮಲಗುವುದು ನೆಲದ ಮೇಲೆ, ಹತ್ತಿ ಹಾಸಿಗೆಯಲ್ಲಿ. ಆ ಅಂದಾಜು ಪಟ್ಟಿಯಲ್ಲಿ ಅವರು ಮಲಗುವ ಜಾಗಕ್ಕೂ ಮ್ಯಾಟ್ ಇತ್ತು, ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಎಲ್ಲಕ್ಕೂ ಇದೇ ಮಾತು.

ಗುಂಡಿಮಗ್ಗದ ವಿಷಯ ಬಿಟ್ಟೆ ನೋಡಿ. ಅದೂ ನೆಲದ ಕಥೆಯೇ. ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಗೋಲು ತುಳಿಯುತ್ತಾರೆ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಯ ಊರು ನಮ್ಮದು, ಒಣಗಾಳಿ ತಾಕಿದರೆ ನೂಲು ಪಟ್ ಅಂತ ಹರಿಯುತ್ತದೆ. ಗುಂಡಿಯ ಮಣ್ಣಿನ ಪಸೆ ಹಾಸಿನ ನೂಲನ್ನು ಮೆತ್ತಗಿಡುತ್ತಿತ್ತು. ಕೊಯಮತ್ತೂರಿನ ಮಿಲ್ಲುಗಳು ಅದೇ ಕೆಲಸಕ್ಕೆ ದೊಡ್ಡ ದೊಡ್ಡ ಯಂತ್ರ ಇಟ್ಟವು. ನೂಲಿಗೆ ಒಳ್ಳೆಯದಾದದ್ದು ಕಾಲಿಗೆ ಒಳ್ಳೆಯದಾಗಿರಲಿಲ್ಲ. ನಲವತ್ತು ವರ್ಷ ಆ ತಂಪಿನಲ್ಲಿ ಕಾಲಿಟ್ಟವರಿಗೆ ಕಾಲುನೋವೆಂದರೆ ನೆಲದ ತಪ್ಪು ಅನ್ನಿಸುವುದು ಸಹಜ. ಹಾಗಾಗಿಯೇ ಸಕ್ಕರೆ ಕಾಯಿಲೆ ಯಾರಿಗೂ ಹೊಳೆಯಲಿಲ್ಲ.

ಕೊನೆಯದಾಗಿ, ಇದೇ ಪೈಪನ್ನು ತಿರುಗಿಸಿ ಉಪಯೋಗಿಸಬಹುದಾ? ತಣ್ಣೀರು ಹರಿಸಿದರೆ ನೆಲ ತಂಪಾಗುತ್ತಲ್ಲ? ಆಗುತ್ತದೆ. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದ ನೆಲ ಹಾಗೆ ತಂಪಾಗುವಂಥದ್ದು. ಇನ್ಫೋಸಿಸ್‌ನವರು 2011ರಲ್ಲಿ ಹೈದರಾಬಾದಿನ ಕಟ್ಟಡವೊಂದರ ಅರ್ಧಕ್ಕೆ ಮಾಮೂಲಿ ಏಸಿ, ಇನ್ನರ್ಧಕ್ಕೆ ಕಾಂಕ್ರೀಟ್ ತಾರಸಿಯೊಳಗಿನ ಪೈಪಿನ ತಂಪು ಇಟ್ಟು ಹೋಲಿಸಿ ನೋಡಿದರು. ಪೈಪಿನ ಭಾಗ 34 ಶೇಕಡಾ ಕಡಿಮೆ ವಿದ್ಯುತ್ ತೆಗೆದುಕೊಂಡಿತು. ಅವರು ನೆಲ ಬಿಟ್ಟು ತಾರಸಿ ಹಿಡಿದದ್ದರಲ್ಲಿ ಅರ್ಥ ಇದೆ. ಬಿಸಿಗಾಳಿ ಮೇಲೇಳುತ್ತದೆ, ಹಾಗಾಗಿ ಬಿಸಿ ನೆಲ ಒಂದು ಡಿಗ್ರಿ ಅಂತರಕ್ಕೆ ಚದರ ಮೀಟರಿಗೆ ಸುಮಾರು 11 ವ್ಯಾಟ್ ಕೊಡುತ್ತದೆ. ತಣ್ಣನೆ ನೆಲದ ಮೇಲಿನ ತಣ್ಣನೆ ಗಾಳಿ ಅಲ್ಲೇ ಬಿದ್ದುಕೊಂಡಿರುತ್ತದೆ, ಅದು ತೆಗೆಯುವುದು ಬರೀ 7 ವ್ಯಾಟ್. ಅದಕ್ಕಿಂತ ದೊಡ್ಡ ಮಿತಿ ಇಬ್ಬನಿ. ಗಾಳಿ 30 ಡಿಗ್ರಿ, ತೇವಾಂಶ 60 ಶೇಕಡಾ ಇದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕೂರುತ್ತದೆ. ಕಿಟಕಿ ತೆರೆದಿಟ್ಟ ಮನೆಯಲ್ಲಿ ನುಣುಪು ಟೈಲ್ಸ್ ಬೆವರಿದರೆ ಮೊದಲು ಜಾರುವವರು ವಯಸ್ಸಾದವರು.

ಉಪನ್ಯಾಸ ಇಲ್ಲಿಗೆ ಸಾಕು. ಪ್ರಶ್ನೆಗಳಿಗೆ ಹೋಗೋಣ.

ಪ್ರಶ್ನೆ (ಸ್ಟುಟ್‌ಗಾರ್ಟ್‌ನಿಂದ): ನಮ್ಮ ಬಾಡಿಗೆ ಮನೆಯಲ್ಲಿ ನೀರಿನ ನೆಲದ ಬಿಸಿ ಇದೆ. ಊರಿಂದ ಅಪ್ಪ ಅಮ್ಮ ಬಂದಾಗ ನೆಲದ ಮೇಲೇ ಹಾಸಿಗೆ ಹಾಸ್ತೀವಿ. ಇಡ್ಲಿ ಹಿಟ್ಟಿನ ಪಾತ್ರೆಯನ್ನೂ ನೆಲದ ಮೇಲೇ ಇಡ್ತೀನಿ, ಚೆನ್ನಾಗಿ ಹುದುಗು ಬರುತ್ತೆ. ತೊಂದರೆ ಇದೆಯಾ ಸಾರ್?

ಉತ್ತರ: ಹಿಟ್ಟಿಗೆ ಏನೂ ತೊಂದರೆ ಇಲ್ಲಮ್ಮ, ಮೇಲೊಂದು ದಪ್ಪ ಬಟ್ಟೆ ಮುಚ್ಚಿದರೆ ಇನ್ನೂ ಒಳ್ಳೆಯದು. ನೀರಿನ ವ್ಯವಸ್ಥೆಯಲ್ಲಿ ಹಾಸಿಗೆಯಡಿ ಎಷ್ಟೇ ಮುಚ್ಚಿದರೂ ನೆಲ ಪೈಪಿನ ನೀರಿಗಿಂತ ಬಿಸಿ ಆಗಲು ಸಾಧ್ಯವಿಲ್ಲ. ನೀರು 35 ಇದ್ದರೆ ಅದೇ ಕೊನೆ. ವಿದ್ಯುತ್ ತಂತಿಗೆ ಆ ತಡೆ ಇಲ್ಲ. ಬಾಯ್ಲರಿನಲ್ಲಿ ನೀರಿನ ಉಷ್ಣತೆ ಎಷ್ಟಕ್ಕೆ ಇಟ್ಟಿದ್ದಾರೆ ಅಂತ ಮನೆಯ ಒಡೆಯರನ್ನು ಕೇಳಿ. ಅಪ್ಪ ಅಮ್ಮನಿಗೆ ಸಕ್ಕರೆ ಇದ್ದರೆ ಮಂಚ ಕೊಡಿ. ಮತ್ತೆ, ತೊಟ್ಟಿಲಿಗೋ ಏನಕ್ಕೋ ಅಂತ ನೆಲಕ್ಕೆ ಡ್ರಿಲ್ ಹಾಕಬೇಡಿ!

ಪ್ರಶ್ನೆ (ಊಟಿಯಿಂದ): ನಮ್ಮಲ್ಲಿ ನಿಜವಾದ ಚಳಿ. ಸೋಲಾರ್ ವಾಟರ್ ಹೀಟರಿನ ನೀರನ್ನೇ ನೆಲಕ್ಕೆ ಬಿಡಬಹುದಾ?

ಉತ್ತರ: 2,200 ಮೀಟರ್ ಎತ್ತರದವರು ನೀವು, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಊರು. ನಮ್ಮಿಂದ ತೊಂಬತ್ತು ಕಿಲೋಮೀಟರ್ ಒಳಗೇ ಈ ವ್ಯವಸ್ಥೆ ಸಾರ್ಥಕವಾಗುವ ಜಾಗ ಇದೆ ಅನ್ನುವುದೇ ಸೋಜಿಗ. 40 ಡಿಗ್ರಿ ನೀರು ಸಾಕಾದ್ದರಿಂದ ಸೋಲಾರ್ ಒಳ್ಳೆಯ ಜೋಡಿ. ಆದರೆ ಸ್ನಾನಕ್ಕೆ ಇಟ್ಟ 200 ಲೀಟರ್ ನೆಲಕ್ಕೆ ಸಾಲದು, ಮಳೆಗಾಲದಲ್ಲಿ ಬಿಸಿಲೂ ಇಲ್ಲ. ಹೀಟ್ ಪಂಪ್ ಜೊತೆಗಿರಬೇಕು, ಅದು ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್‌ಗೂ ಮೇಲೆ ಶಾಖ ಕೊಡಬಲ್ಲದು. ಅದಕ್ಕೂ ಮುಂಚೆ ತಾರಸಿ, ಕಿಟಕಿ ಸಂದು ಮುಚ್ಚಿ. ಒಂದೇ ಕೋಣೆ, ಎಲ್ಲರೂ ಸಂಜೆ ಕೂರುವ ಕೋಣೆಗೆ ಮಾಡಿ ನೋಡಿ.

ಪ್ರಶ್ನೆ (ತಿರುಪ್ಪೂರಿನಿಂದ): ಮನೆ ಕಟ್ಟಿಸ್ತಾ ಇದ್ದೇನೆ. ಮುಂದೆ ಬೇಕಾದೀತು ಅಂತ ಈಗಲೇ ನೆಲದಲ್ಲಿ ಪೈಪು ಹೂತಿಡಲಾ?

ಉತ್ತರ: ನಮ್ಮ ಕಡೆ ಮನೆಗೆ ಬಿಸಿ ಬರುವುದು ತಾರಸಿಯಿಂದ. ಆ ದುಡ್ಡನ್ನು ತಾರಸಿಗೆ ಹಾಕಿ, ಬಿಳಿ ಟೈಲ್ಸ್, ನೆರಳು, ಏನಾದರೂ. ಹೂತ ಪೈಪು ಸೋರಿದರೆ ನೆಲ ಒಡೆಯಬೇಕು. ಹೂಳಲೇಬೇಕು ಅಂದರೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿ, ಆ ಒತ್ತಡ ಇಟ್ಟುಕೊಂಡೇ ಗಾರೆ ಹಾಕಿಸಿ. ಪೈಪಿಗೆ ಮೊಳೆಯೋ ಸಲಿಕೆಯೋ ತಾಕಿದರೆ ಮುಳ್ಳು ಇಳಿದು ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ (ಚಾಟ್‌ನಲ್ಲಿ): ನಿಮ್ಮ ದೊಡ್ಡಮ್ಮ ಈಗ ಹೇಗಿದ್ದಾರೆ?

ಉತ್ತರ: ಔಷಧಿ ಶುರುವಾಗಿದೆ, ಕೊರೆತ ಅರ್ಧ ಇಳಿದಿದೆ ಅಂತಾರೆ. ಅವರ ಬಚ್ಚಲಿಗೆ ಜಾರದ ಟೈಲ್ಸ್ ಹಾಕಿಸಿದೆವು, ದೇವರ ಮುಂದೆ ಮತ್ತು ಅಡುಗೆಮನೆಯಲ್ಲಿ ಅವರು ನಿಲ್ಲುವ ಜಾಗಕ್ಕೆ ಮರದ ಹಲಗೆ. ಅಣ್ಣ ಪ್ರತಿ ರಾತ್ರಿ ಟಾರ್ಚ್ ಹಿಡಿದು ಅವರ ಅಂಗಾಲಿನಲ್ಲಿ ಗಾಯ ಇದೆಯಾ ಅಂತ ನೋಡುತ್ತಾನೆ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೆ ಮಾತ್ರ ಒಪ್ಪಿಲ್ಲ. ಮಗ್ಗ ಇದ್ದ ಮನೆಯಲ್ಲಿ ಚಪ್ಪಲಿ ಮೆಟ್ಟಿ ಓಡಾಡೋದಾ ಅಂತ ಕೇಳ್ತಾರೆ. ಮಗ್ಗ ಹೋಗಿ ಹನ್ನೆರಡು ವರ್ಷ ಆಯ್ತು. ಈಗ ದಪ್ಪ ಹತ್ತಿ ಕಾಲುಚೀಲ, ಅಡಿಗೆ ರಬ್ಬರ್ ಚುಕ್ಕಿ ಇರುವಂಥದ್ದು, ಅದಕ್ಕೆ ಒಪ್ಪಿಸಿದ್ದೇವೆ.